ಶೇರ್ಡ್ ಫೋಲ್ಡರ್, ಗ್ರೂಪ್ ಅಕೌಂಟ್: ನಿಮ್ಮ ಸರ್ವರ್‌ಗೆ ಯಾವ ದಾರಿ ಹೊಂದುತ್ತದೆ?

ಹದಿನೈದು ಜನ ಒಂದೇ ಸರ್ವರ್‌ನ ಫೋಲ್ಡರ್‌ಗಳಲ್ಲಿ ಕೆಲಸ ಮಾಡಬೇಕು. ಲೆಕ್ಕದವರ ಫೈಲು ಬೇರೆ ಯಾರಿಗೂ ಕಾಣಬಾರದು. ವಿನ್ಯಾಸದವರ ಫೋಲ್ಡರನ್ನು ಎಲ್ಲರೂ ನೋಡಬಹುದು, ಆದರೆ ತಿದ್ದಬಾರದು. ತರಬೇತಿಗೆ ಬಂದವರು ಆರು ತಿಂಗಳಿಗೆ ಹೋಗಿಬಿಡುತ್ತಾರೆ. ಇಷ್ಟಕ್ಕೆ ಲಿನಕ್ಸ್ ಹಾಕಬೇಕಾ, ವಿಂಡೋಸ್ ಸರ್ವರ್ ತಗೋಬೇಕಾ, ರೆಡಿಮೇಡ್ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸಿ ಫೈಲ್ ಹಂಚುವ ಡಿಸ್ಕ್ ಪೆಟ್ಟಿಗೆ) ಸಾಕಾ, ಇಲ್ಲಾ ಕ್ಲೌಡ್‌ಗೆ ಹೋಗಿಬಿಡಬೇಕಾ? ಈ ಗೊಂದಲ ಬಹಳ ಜನರದ್ದು.

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಸರ್ವರ್ ಕೂರಿಸುವ ದಿನ ಯಾವ ದಾರಿಯೂ ಅಷ್ಟು ಕಷ್ಟ ಅನಿಸುವುದಿಲ್ಲ. ಕಷ್ಟ ಶುರುವಾಗುವುದು ಎಂಟು ತಿಂಗಳಾದ ಮೇಲೆ. ಅಷ್ಟರಲ್ಲಿ ಒಬ್ಬರು ಕೆಲಸ ಬಿಟ್ಟಿರುತ್ತಾರೆ, ಇಬ್ಬರು ಹೊಸದಾಗಿ ಸೇರಿರುತ್ತಾರೆ, ಇನ್ನೊಬ್ಬರು ವಿಭಾಗ ಬದಲಿಸಿರುತ್ತಾರೆ. ಆ ದಿನ ಕೀಬೋರ್ಡ್ ಮುಂದೆ ಕೂತು ಇದನ್ನೆಲ್ಲ ಸರಿ ಮಾಡುವವರು ಯಾರು? ಅವರಿಗೆ ಒಗ್ಗುವ ದಾರಿಯೇ ನಿಮ್ಮ ದಾರಿ.

ಮೊದಲು ಅಳೆಯಬೇಕಾದದ್ದು

ಹಾಗಾಗಿ ನನ್ನ ಮೊದಲ ಅಳತೆ, ನೋಡಿಕೊಳ್ಳುವವರು. ಕಮಾಂಡ್ ಲೈನ್ (ಆಜ್ಞೆ ಟೈಪ್ ಮಾಡಿ ಕಂಪ್ಯೂಟರ್ ನಡೆಸುವುದು) ಬಲ್ಲವರು ಸದಾ ಸಿಗುತ್ತಾರಾ? ಅಥವಾ ಇದನ್ನು ತನ್ನ ಬೇರೆ ಕೆಲಸದ ನಡುವೆ ಮಾಡುವ ಒಬ್ಬರು ಮಾತ್ರ ಇದ್ದಾರಾ?

ಎರಡನೆಯದು, ಜನ ಎಷ್ಟು ಮತ್ತು ಎಷ್ಟು ಬೇಗ ಬದಲಾಗುತ್ತಾರೆ. ಐದು ವರ್ಷದಿಂದ ಅದೇ ಎಂಟು ಜನ ಇರುವ ಕಡೆಗೂ, ತಿಂಗಳಿಗೆ ನಾಲ್ಕು ಜನ ಬಂದು ಹೋಗುವ ಕಡೆಗೂ ಬಹಳ ವ್ಯತ್ಯಾಸ ಇದೆ.

ಮೂರನೆಯದು, ಮೇಜಿನ ಮೇಲಿರುವ ಕಂಪ್ಯೂಟರ್‌ಗಳು ಯಾವುವು. ಎಲ್ಲವೂ ವಿಂಡೋಸ್ ಆದರೆ ಒಂದು ಲೆಕ್ಕ, ಮ್ಯಾಕ್ ಮತ್ತು ಲಿನಕ್ಸ್ ಬೆರೆತಿದ್ದರೆ ಇನ್ನೊಂದು ಲೆಕ್ಕ. ಜೊತೆಗೆ, ಹೊರಗಿನಿಂದ ಫೈಲ್ ಬೇಕಾ, ಕಚೇರಿಯ ಒಳಗೆ ಮಾತ್ರ ಸಾಕಾ ಅನ್ನುವುದನ್ನೂ ಈಗಲೇ ತೀರ್ಮಾನಿಸಿಕೊಳ್ಳಿ. ನಡುವೆ ಬದಲಿಸುವುದು ತುಂಬಾ ತೊಂದರೆ.

ಕೊನೆಯದು ದುಡ್ಡು. ಅದರಲ್ಲೂ ಮೂರು ಬಗೆ: ಒಂದೇ ಸಲ ಕೊಡುವುದು, ತಲೆಗೆ ಇಷ್ಟು ಅಂತ ಕೊಡುವುದು, ತಿಂಗಳು ತಿಂಗಳೂ ಕೊಡುತ್ತಲೇ ಇರುವುದು. ಸಾಫ್ಟ್‌ವೇರ್ ಪುಕ್ಕಟೆ ಅಂದಾಕ್ಷಣ ಖರ್ಚು ಇಲ್ಲ ಅಂತಲ್ಲ. ಅದನ್ನು ಕಲಿಯುವ, ರಿಪೇರಿ ಮಾಡುವ ಸಮಯವೂ ಲೆಕ್ಕಕ್ಕೆ ಬರಬೇಕು.

ಯಾವ ದಾರಿ ಹಿಡಿದರೂ ಬಿಡಬಾರದ ಒಂದು ನಿಯಮ

ಪರ್ಮಿಷನ್, ಅಂದರೆ ಫೋಲ್ಡರ್ ಓದುವ, ಬರೆಯುವ ಹಕ್ಕು, ಕೊಡುವುದು ಗ್ರೂಪ್‌ಗೆ, ಅಂದರೆ ಹಲವು ಅಕೌಂಟ್ ಸೇರಿಸಿದ ಪಟ್ಟಿಗೆ. ವ್ಯಕ್ತಿಗೆ ಅಲ್ಲ. ಒಬ್ಬರೇ ಇದ್ದರೂ ಅವರಿಗಾಗಿ ಒಂದು ಗ್ರೂಪ್ ಮಾಡಿ.

ಹೀಗೆ ಮಾಡದ ಒಂದು ಸರ್ವರ್ ನನ್ನ ಕೈಗೆ ಬಂದಿತ್ತು. ಲೆಕ್ಕದ ಫೋಲ್ಡರ್‌ನ ಪರ್ಮಿಷನ್ ಪಟ್ಟಿ ತೆಗೆದರೆ ಹನ್ನೊಂದು ಹೆಸರುಗಳು. ಅದರಲ್ಲಿ ನಾಲ್ಕು ಜನ ಕೆಲಸ ಬಿಟ್ಟು ಹೋಗಿದ್ದರು. ಎರಡು ಕಡೆ ಹೆಸರೇ ಇರಲಿಲ್ಲ, ಉದ್ದನೆಯ ನಂಬರ್ ಮಾತ್ರ ಇತ್ತು. ಅಕೌಂಟ್ ಅಳಿಸಿದ್ದರು, ಅದರ ಗುರುತು ಮಾತ್ರ ಹಾಗೇ ಉಳಿದಿತ್ತು. ಯಾರಿಗೆ ಯಾಕೆ ಕೊಟ್ಟಿದ್ದರು ಅಂತ ಹೇಳುವವರು ಯಾರೂ ಇರಲಿಲ್ಲ. ಅದನ್ನು ಬಿಡಿಸಲು ಎರಡು ದಿನ ಹಿಡಿಯಿತು.

ಆವತ್ತಿನಿಂದ ನಾನು ಪ್ರತಿ ಮುಖ್ಯ ಫೋಲ್ಡರ್‌ಗೂ ಎರಡು ಗ್ರೂಪ್ ಮಾಡುತ್ತೇನೆ. ಒಂದು ಓದುವವರಿಗೆ, ಇನ್ನೊಂದು ಬರೆಯುವವರಿಗೆ. ಹೆಸರೂ ಅಷ್ಟೇ ಸರಳ: ‘ಲೆಕ್ಕ-ಓದು’, ‘ಲೆಕ್ಕ-ಬರೆ’. ಹೊಸಬರು ಬಂದರೆ ಗ್ರೂಪ್‌ಗೆ ಸೇರಿಸುವುದು, ಹೋದರೆ ತೆಗೆಯುವುದು. ಫೋಲ್ಡರ್‌ನ ಪರ್ಮಿಷನ್ ಮುಟ್ಟುವ ಹಾಗೇ ಇಲ್ಲ. ಇನ್ನೊಂದು ಮಾತು: ‘ಲೆಕ್ಕದವರು’ ಅಂತ ಒಂದೇ ಅಕೌಂಟ್ ಮಾಡಿ ಐದು ಜನರಿಗೆ ಒಂದೇ ಪಾಸ್‌ವರ್ಡ್ ಕೊಡುವುದು ಬೇಡವೇ ಬೇಡ. ಫೈಲ್ ಅಳಿಸಿದವರು ಯಾರು ಅಂತ ಗೊತ್ತಾಗುವುದಿಲ್ಲ. ಒಬ್ಬರು ಹೋದಾಗ ಎಲ್ಲರ ಪಾಸ್‌ವರ್ಡ್ ಬದಲಿಸಬೇಕು.

ಬರೀ ಲಿನಕ್ಸ್ ಮತ್ತು ಸಾಂಬಾ

ಹಳೆಯ ಕಂಪ್ಯೂಟರ್ ಒಂದಿದ್ದರೂ ಸಾಕು, ಲೈಸೆನ್ಸ್‌ಗೆ ಏನೂ ಕೊಡಬೇಕಿಲ್ಲ. ವಿಂಡೋಸ್ ಕಂಪ್ಯೂಟರ್‌ಗಳಿಗೆ ಫೋಲ್ಡರ್ ತೋರಿಸುವ ಕೆಲಸವನ್ನು ಸಾಂಬಾ ಅನ್ನುವ ಸಾಫ್ಟ್‌ವೇರ್ ಮಾಡುತ್ತದೆ. ಮ್ಯಾಕ್‌ಗೂ ಅದೇ ಸಾಕು. ನನಗೆ ಇಷ್ಟವಾದ ದಾರಿ ಇದು. ಆದರೆ ಎಲ್ಲರಿಗೂ ಹೇಳುವುದಿಲ್ಲ, ಯಾಕೆ ಅಂತ ನೋಡಿ.

ಲಿನಕ್ಸ್‌ನಲ್ಲಿ ಒಂದು ಫೈಲ್‌ಗೆ ಒಬ್ಬ ಒಡೆಯ, ಒಂದು ಗ್ರೂಪ್, ಉಳಿದವರು ಅಂತ ಮೂರೇ ಪಾಲು. ಹೊಸ ಫೈಲ್ ಮಾಡಿದಾಗ ಅದು ಸಾಮಾನ್ಯವಾಗಿ ಮಾಡಿದವರ ಸ್ವಂತ ಗ್ರೂಪ್‌ಗೆ ಸೇರುತ್ತದೆ, ಫೋಲ್ಡರ್‌ನ ಗ್ರೂಪ್‌ಗೆ ಅಲ್ಲ. ಇದನ್ನು ತಪ್ಪಿಸಲು ಫೋಲ್ಡರ್‌ಗೆ ಸೆಟ್‌ಜಿಐಡಿ ಹಾಕಬೇಕು. ಅಂದರೆ ಪರ್ಮಿಷನ್ 770 ಬದಲು 2770. (ಕೊನೆಯ ಮೂರು ಅಂಕಿ ಒಡೆಯ, ಗ್ರೂಪ್, ಉಳಿದವರು ಅನ್ನುವ ಮೂರು ಪಾಲಿಗೆ. ಓದಲು 4, ಬರೆಯಲು 2, ಫೋಲ್ಡರ್ ಒಳಹೋಗಲು 1, ಕೂಡಿಸಿದರೆ 7.) ಮುಂದಿನ ಆ 2 ಬಂದ ಮೇಲೆ, ಒಳಗೆ ಯಾರು ಫೈಲ್ ಮಾಡಿದರೂ ಅದು ಫೋಲ್ಡರ್‌ನ ಗ್ರೂಪ್‌ಗೇ ಸೇರುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಮರುದಿನವೇ ಫೋನ್ ಬರುತ್ತದೆ: ‘ಫೈಲ್ ಕಾಣ್ತಿದೆ, ತೆರೆಯುತ್ತೆ, ಸೇವ್ ಆಗ್ತಿಲ್ಲ.’ ಕಾರಣ ಯುಮಾಸ್ಕ್, ಅಂದರೆ ಹೊಸ ಫೈಲ್‌ನಿಂದ ಯಾವ ಹಕ್ಕು ಕಳೆಯಬೇಕು ಅಂತ ಹೇಳುವ ಸಂಖ್ಯೆ. ಅದು 022 ಇದ್ದರೆ ಹೊಸ ಫೈಲ್ 644 ಆಗುತ್ತದೆ. ಗ್ರೂಪ್‌ನವರು ಓದಬಹುದು, ಬರೆಯುವ ಹಾಗಿಲ್ಲ. 002 ಮಾಡಿದರೆ 664 ಆಗುತ್ತದೆ, ಆಗ ಗ್ರೂಪ್‌ನ ಎಲ್ಲರೂ ತಿದ್ದಬಹುದು. ಸಾಂಬಾ ಮೂಲಕ ಬರುವ ಫೈಲ್‌ಗೆ ಬೇರೆಯದೇ ಕ್ರಿಯೇಟ್ ಮಾಸ್ಕ್ ಇದೆ. ಅದು ಹೇಳುವುದು ಕಳೆಯುವ ಹಕ್ಕನ್ನಲ್ಲ, ಉಳಿಸುವ ಹಕ್ಕನ್ನು. ಮೊದಲಿಗೆ 0744 ಇರುತ್ತದೆ, ಅಲ್ಲೂ ಇದೇ ಕಥೆ. ಅದನ್ನು 0660 ಮಾಡಿ, ಹೊಸ ಫೋಲ್ಡರ್‌ಗಳಿಗಿರುವ ಡೈರೆಕ್ಟರಿ ಮಾಸ್ಕ್ 2770 ಮಾಡಿದರೆ ಫೋನ್ ನಿಲ್ಲುತ್ತದೆ.

ಓದುವ ಗ್ರೂಪ್ ಒಂದು, ಬರೆಯುವ ಗ್ರೂಪ್ ಒಂದು ಅಂತ ಬೇಕಾದಾಗ ಈ ಮೂರು ಪಾಲು ಸಾಲುವುದಿಲ್ಲ. ಆಗ ಎಸಿಎಲ್, ಅಂದರೆ ಹಲವು ಗ್ರೂಪ್‌ಗಳಿಗೆ ಬೇರೆ ಬೇರೆ ಹಕ್ಕು ಬರೆದಿಡುವ ಪಟ್ಟಿ ಬೇಕು. ಫೋಲ್ಡರ್‌ಗೆ ಡೀಫಾಲ್ಟ್ ಎಸಿಎಲ್ ಕೊಟ್ಟರೆ ಒಳಗೆ ಹೊಸದಾಗಿ ಹುಟ್ಟುವ ಎಲ್ಲಕ್ಕೂ ಅದೇ ಅನ್ವಯಿಸುತ್ತದೆ, ಯುಮಾಸ್ಕ್‌ನ ಕಾಟವೂ ಇರುವುದಿಲ್ಲ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬೇರೆ ಕಡೆಯಿಂದ ಅದೇ ಡಿಸ್ಕ್‌ನೊಳಗೆ ಸರಿಸಿದ ಫೈಲ್ ತನ್ನ ಹಳೆಯ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಮಾತ್ರ ಹೊಸ ಫೋಲ್ಡರ್‌ನ ನಿಯಮ ಹಿಡಿಯುತ್ತದೆ. ‘ಒಂದೇ ಒಂದು ಫೈಲ್ ಮಾತ್ರ ತೆರೆಯುತ್ತಿಲ್ಲ’ ಅನ್ನುವ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಒಂದು ಸಲ ನನ್ನ ಕೈಯಲ್ಲೇ ದೊಡ್ಡ ತಪ್ಪು ಆಯಿತು. ಒಬ್ಬರನ್ನು ‘ವಿನ್ಯಾಸ-ಬರೆ’ ಗ್ರೂಪ್‌ಗೆ ಸೇರಿಸಬೇಕಿತ್ತು. ಯೂಸರ್‌ಮಾಡ್ ಕಮಾಂಡ್‌ನಲ್ಲಿ ದೊಡ್ಡ ‘ಜಿ’ ಹಾಕಿದೆ, ಅದರ ಜೊತೆ ಇರಬೇಕಾದ ಸಣ್ಣ ‘ಎ’ ಬಿಟ್ಟುಬಿಟ್ಟೆ. ಆ ‘ಎ’ ಅಂದರೆ ಈಗಿರುವುದಕ್ಕೆ ಸೇರಿಸು ಅಂತ. ಅದು ಇಲ್ಲದಿದ್ದರೆ, ಹಳೆಯ ಹೆಚ್ಚುವರಿ ಗ್ರೂಪ್‌ಗಳಿಂದೆಲ್ಲ ತೆಗೆದು ಇದೊಂದಕ್ಕೆ ಮಾತ್ರ ಹಾಕು ಅಂತ ಅರ್ಥ. ಕಮಾಂಡ್ ಒಂದು ಎಚ್ಚರಿಕೆಯನ್ನೂ ಕೊಡದೆ ಮುಗಿಯಿತು. ಅವರು ಆಗಲೇ ಲಾಗಿನ್ ಆಗಿದ್ದರಿಂದ ಆವತ್ತು ಏನೂ ಗೊತ್ತಾಗಲಿಲ್ಲ. ಗ್ರೂಪ್ ಬದಲಾವಣೆ ಜಾರಿಗೆ ಬರುವುದು ಮುಂದಿನ ಲಾಗಿನ್‌ಗೆ. ಮಾರನೆಯ ಬೆಳಿಗ್ಗೆ ಅವರಿಗೆ ಐದು ಫೋಲ್ಡರ್ ತೆರೆಯಲಿಲ್ಲ. ಗ್ರೂಪ್ ಮೂಲಕ ಸುಡೋ ಹಕ್ಕು (ಆಡಳಿತದ ಕಮಾಂಡ್ ಓಡಿಸುವ ಹಕ್ಕು) ಪಡೆದವರಿಗೆ ಹೀಗಾದರೆ ಸರ್ವರ್ ನಡೆಸುವ ಹಕ್ಕೇ ಹೋಗಿಬಿಡುತ್ತದೆ. ಇಂಥ ಸಣ್ಣ ಅಕ್ಷರಗಳ ಮೇಲೆ ಕಣ್ಣಿಡುವವರು ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಅಕೌಂಟ್ ಅಳಿಸುವುದರಲ್ಲೂ ಒಂದು ಅಪಾಯ ಇದೆ. ಲಿನಕ್ಸ್ ಫೈಲ್‌ನ ಮೇಲೆ ಬರೆದಿಡುವುದು ಹೆಸರನ್ನಲ್ಲ, ನಂಬರನ್ನು. ಕೊನೆಗೆ ಸೇರಿಸಿದವರ ಅಕೌಂಟ್ ಅಳಿಸಿ ಹೊಸಬರನ್ನು ಸೇರಿಸಿದರೆ ಅದೇ ನಂಬರ್ ಮತ್ತೆ ಸಿಗಬಹುದು. ಹೋದವರ ಫೈಲ್‌ಗಳೆಲ್ಲ ಸದ್ದಿಲ್ಲದೆ ಹೊಸಬರದ್ದಾಗುತ್ತವೆ. ಆದ್ದರಿಂದ ಅಳಿಸಬೇಡಿ, ಲಾಕ್ ಮಾಡಿ. ಸಾಂಬಾಗೆ ಪಾಸ್‌ವರ್ಡ್ ಬೇರೆಯೇ ಇರುತ್ತದೆ, ಅಲ್ಲೂ ನಿಲ್ಲಿಸಲು ಮರೆಯಬೇಡಿ.

ಮೇಜಿನ ಮೇಲೂ ಲಿನಕ್ಸ್ ಇದ್ದರೆ ಎನ್‌ಎಫ್‌ಎಸ್ (ಲಿನಕ್ಸ್‌ಗಳ ನಡುವೆ ಫೋಲ್ಡರ್ ಹಂಚುವ ವಿಧಾನ) ಮನಸ್ಸಿಗೆ ಬರುತ್ತದೆ. ವೇಗವಾಗಿದೆ. ಆದರೆ ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಅದು ಎಲ್ಲ ಕಂಪ್ಯೂಟರ್‌ನಲ್ಲೂ ಯೂಸರ್ ನಂಬರ್ ಒಂದೇ ಇದೆ ಅಂತ ನಂಬಿಕೊಂಡು ನಡೆಯುತ್ತದೆ. ಒಬ್ಬರಿಗೆ 16ಕ್ಕಿಂತ ಜಾಸ್ತಿ ಗ್ರೂಪ್ ಇದ್ದರೆ ಮಿಕ್ಕವನ್ನು ಕಳಿಸುವುದೇ ಇಲ್ಲ. ಫೋಲ್ಡರ್‌ಗೆ ಎರಡು ಗ್ರೂಪ್ ಅನ್ನುವ ನನ್ನ ಪದ್ಧತಿಯಲ್ಲಿ 16 ಬೇಗ ತುಂಬುತ್ತದೆ.

ನ್ಯಾಸ್ ಪೆಟ್ಟಿಗೆ

ಐದರಿಂದ ಮೂವತ್ತು ಜನ, ಕಮಾಂಡ್ ಬಲ್ಲವರು ಯಾರೂ ಇಲ್ಲ, ಎಲ್ಲರೂ ಒಂದೇ ಕಟ್ಟಡದಲ್ಲಿ ಇದ್ದಾರೆ ಅಂದರೆ ನಾನು ಯೋಚಿಸದೆ ಹೇಳುವುದು ಇದನ್ನೇ. ಸಿನಾಲಜಿ, ಕ್ಯೂನ್ಯಾಪ್‌ನಂಥ ಪೆಟ್ಟಿಗೆಗಳು ಬ್ರೌಸರ್‌ನಲ್ಲೇ ಎಲ್ಲ ತೋರಿಸುತ್ತವೆ. ಸ್ವಂತ ಕಂಪ್ಯೂಟರ್‌ಗೆ ಹಾಕಿಕೊಳ್ಳಲು ಟ್ರೂನ್ಯಾಸ್ ಪುಕ್ಕಟೆ ಸಿಗುತ್ತದೆ, ಆದರೆ ಅದಕ್ಕೆ ಸ್ವಲ್ಪ ಜಾಸ್ತಿ ತಿಳಿವಳಿಕೆ ಬೇಕು. ಒಳಗೆ ಓಡುವುದು ಹೆಚ್ಚಾಗಿ ಅದೇ ಲಿನಕ್ಸ್, ಅದೇ ಸಾಂಬಾ. ನೀವು ದುಡ್ಡು ಕೊಡುವುದು ಮೇಲಿನ ಯುಮಾಸ್ಕ್, ಸೆಟ್‌ಜಿಐಡಿ ಗೋಳನ್ನು ಯಾರೋ ಮೊದಲೇ ಸರಿ ಮಾಡಿಟ್ಟಿದ್ದಾರೆ ಅನ್ನುವುದಕ್ಕೆ.

ಗ್ರೂಪ್ ಮಾಡಿ, ಫೋಲ್ಡರ್ ಎದುರು ಓದು, ಓದು ಬರೆ, ಪ್ರವೇಶ ಇಲ್ಲ ಅಂತ ಟಿಕ್ ಹಾಕಿದರೆ ಆಯಿತು. ‘ಪ್ರವೇಶ ಇಲ್ಲ’ ಅನ್ನುವುದನ್ನು ಮಾತ್ರ ಯೋಚಿಸಿ ಹಾಕಿ. ಸಿನಾಲಜಿಯಲ್ಲಿ ಅದು ಉಳಿದೆಲ್ಲವನ್ನೂ ಮೀರುತ್ತದೆ. ಒಬ್ಬರು ಎರಡು ಗ್ರೂಪ್‌ನಲ್ಲಿದ್ದು, ಒಂದರಲ್ಲಿ ಬರೆಯುವ ಹಕ್ಕು, ಇನ್ನೊಂದರಲ್ಲಿ ಪ್ರವೇಶ ಇಲ್ಲ ಅಂತಿದ್ದರೆ ಅವರಿಗೆ ಫೋಲ್ಡರ್ ತೆರೆಯುವುದೇ ಇಲ್ಲ. ಎಲ್ಲರೂ ಇರುವ ಸಾಮಾನ್ಯ ಗ್ರೂಪ್‌ಗೆ ಅದನ್ನು ಹಾಕಿದರೆ ಮೇಲಧಿಕಾರಿಯೂ ಹೊರಗೆ ಉಳಿಯುತ್ತಾರೆ. ಹಕ್ಕು ಬೇಡದವರಿಗೆ ಏನೂ ಟಿಕ್ ಹಾಕದೆ ಖಾಲಿ ಬಿಡುವುದೇ ಒಳ್ಳೆಯದು.

ಸ್ನ್ಯಾಪ್‌ಶಾಟ್ (ಆಗಾಗಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ) ಇರುವ ಮಾಡೆಲ್ಲೇ ತಗೊಳ್ಳಿ. ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಯಾರೋ ಮಧ್ಯಾಹ್ನ ಫೋಲ್ಡರ್ ಅಳಿಸಿದರೆ ಬೆಳಗಿನ ಸ್ಥಿತಿಗೆ ಹೋಗಬಹುದು. ಹಲವು ಡಿಸ್ಕ್ ಜೋಡಿಸಿದ ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಅಂತ ಕೇಳುವವರಿದ್ದಾರೆ. ರೇಡ್ ಕಾಪಾಡುವುದು ಡಿಸ್ಕ್ ಕೆಟ್ಟಾಗ. ನೀವು ಅಳಿಸಿದ್ದನ್ನು ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕ್‌ನಿಂದಲೂ ಅಳಿಸುತ್ತದೆ. ಬೇರೆ ಕಡೆ ಒಂದು ಪ್ರತಿ ಇರಲೇಬೇಕು.

ಹೊರಗಿನಿಂದ ಬೇಕು ಅಂತ ರೂಟರ್‌ನಲ್ಲಿ ನೇರ ದಾರಿ ತೆರೆಯಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಅನ್ನುವ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಇಂಟರ್‌ನೆಟ್‌ಗೆ ತೆರೆದಿಟ್ಟ ನ್ಯಾಸ್‌ಗಳನ್ನೇ ಹುಡುಕಿ ಲಾಕ್ ಮಾಡಿತು. ವಿಪಿಎನ್ (ಲಾಗಿನ್ ಆಗಿ ಕಚೇರಿಯ ನೆಟ್‌ವರ್ಕ್‌ಗೆ ಸೇರುವ ಗುಪ್ತ ದಾರಿ) ಮೂಲಕ ಬರಲಿ. ಈ ಮಾತು ಸಾಂಬಾಗೂ ವಿಂಡೋಸ್‌ಗೂ ಅಷ್ಟೇ ಸಲ್ಲುತ್ತದೆ. ಈ ಫೋಲ್ಡರ್ ಹಂಚಿಕೆ ನಡೆಯುವ 445 ಪೋರ್ಟ್ ಎಂದೂ ಹೊರಗೆ ಕಾಣಬಾರದು.

ವಿಂಡೋಸ್ ಸರ್ವರ್, ಆಕ್ಟಿವ್ ಡೈರೆಕ್ಟರಿ

ನಲವತ್ತು, ಐವತ್ತು ವಿಂಡೋಸ್ ಕಂಪ್ಯೂಟರ್ ಇರುವ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಆಕ್ಟಿವ್ ಡೈರೆಕ್ಟರಿ ಅಂದರೆ ಅಕೌಂಟ್, ಗ್ರೂಪ್‌ಗಳನ್ನೆಲ್ಲ ಸರ್ವರ್‌ನಲ್ಲಿ ಒಂದೇ ಕಡೆ ಇಡುವ ವ್ಯವಸ್ಥೆ. ಒಂದೇ ಅಕೌಂಟ್, ಯಾವ ಕಂಪ್ಯೂಟರ್ ಮುಂದೆ ಕೂತರೂ ಲಾಗಿನ್ ಆಗುತ್ತದೆ. ಅಕೌಂಟ್ ನಿಲ್ಲಿಸಿದರೆ ಎಲ್ಲ ಕಡೆ ನಿಲ್ಲುತ್ತದೆ. ಗ್ರೂಪ್ ಪಾಲಿಸಿಯಿಂದ (ಎಲ್ಲ ಕಂಪ್ಯೂಟರ್‌ಗೂ ಸರ್ವರ್‌ನಿಂದಲೇ ಕಳಿಸುವ ನಿಯಮ) ಲೆಕ್ಕದವರಿಗೆ ಲೆಕ್ಕದ ಡ್ರೈವ್ ತಾನಾಗಿ ಬರುವಂತೆ ಮಾಡಬಹುದು. ಹಕ್ಕಿಲ್ಲದ ಫೋಲ್ಡರ್‌ಗಳ ಹೆಸರೂ ಕಾಣದ ಹಾಗೆ ಮರೆಮಾಡಬಹುದು. ಅಕೌಂಟಿನ ಗುರುತಿನ ನಂಬರ್ ಇಲ್ಲಿ ಮತ್ತೆ ಬಳಕೆಯಾಗುವುದಿಲ್ಲ, ಹಾಗಾಗಿ ಲಿನಕ್ಸ್‌ನಲ್ಲಿ ಹೇಳಿದ ಆ ಅಪಾಯ ಇಲ್ಲ.

ಇಲ್ಲಿ ಜನ ಎಡವುವ ಜಾಗ ಎರಡು ಬೀಗದ್ದು. ಹಂಚಿಕೆಯ ಮೇಲಿನ ಶೇರ್ ಪರ್ಮಿಷನ್ ಒಂದು, ಎನ್‌ಟಿಎಫ್‌ಎಸ್ ಪರ್ಮಿಷನ್ (ಡಿಸ್ಕ್‌ನಲ್ಲಿ ಫೈಲು, ಫೋಲ್ಡರಿನ ಮೇಲೇ ಇರುವುದು) ಇನ್ನೊಂದು. ನೆಟ್‌ವರ್ಕ್ ಮೂಲಕ ಬಂದಾಗ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಂದರಲ್ಲಿ ಪೂರ್ತಿ ಹಕ್ಕು, ಇನ್ನೊಂದರಲ್ಲಿ ಓದು ಮಾತ್ರ ಇದ್ದರೆ ಸಿಗುವುದು ಓದು ಮಾತ್ರ. ಎರಡೂ ಕಡೆ ನಿಯಮ ಬರೆಯುತ್ತಾ ಹೋದರೆ ಯಾವುದು ತಡೆಯುತ್ತಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಶೇರ್ ಕಡೆ ಲಾಗಿನ್ ಆದವರಿಗೆಲ್ಲ ಸಡಿಲವಾಗಿ ಬಿಡಿ. ನಿಜವಾದ ನಿಯಂತ್ರಣ ಎನ್‌ಟಿಎಫ್‌ಎಸ್ ಕಡೆ ಇರಲಿ.

ಖರ್ಚು ನೋಡಿಕೊಳ್ಳಿ. ಸರ್ವರ್ ಲೈಸೆನ್ಸ್ ಒಂದಾದರೆ, ಬಳಸುವ ಪ್ರತಿ ಯೂಸರ್‌ಗೆ ಅಥವಾ ಪ್ರತಿ ಕಂಪ್ಯೂಟರ್‌ಗೆ ಸಿಎಎಲ್ (ಸರ್ವರ್ ಬಳಸುವ ಲೈಸೆನ್ಸ್) ಬೇರೆ. ಅಕೌಂಟ್‌ಗಳೆಲ್ಲ ಒಂದೇ ಕಡೆ ಇರುವುದರಿಂದ ಆ ಸರ್ವರ್ ನಿಂತರೆ ಎಲ್ಲರೂ ನಿಲ್ಲುತ್ತಾರೆ, ಹಾಗಾಗಿ ಎರಡನೇ ಡೊಮೇನ್ ಕಂಟ್ರೋಲರ್ (ಅಕೌಂಟ್‌ಗಳನ್ನು ಇಟ್ಟುಕೊಳ್ಳುವ ಸರ್ವರ್) ಕೂಡ ಬೇಕು. ಹತ್ತು ಜನರಿಗೆ ಇಷ್ಟೆಲ್ಲ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ‘ಸುಮ್ನೆ ಒಂದು ವಿಂಡೋಸ್ ಪ್ರೊ ಕಂಪ್ಯೂಟರನ್ನೇ ಸರ್ವರ್ ಮಾಡಿದರೆ?’ ಅಂತಲೂ ಕೇಳುತ್ತಾರೆ. ವಿಂಡೋಸ್ 10, 11ರಲ್ಲಿ ಏಕಕಾಲಕ್ಕೆ 20 ಸಂಪರ್ಕದ ಮಿತಿ ಇದೆ. ಐದಾರು ಜನರಿಗೆ ನಡೆಯುತ್ತದೆ, ಬೆಳೆಯುವ ಕಡೆ ಬೇಡ.

ಲೈಸೆನ್ಸ್ ಇಲ್ಲದೆ ಇದೇ ಸೌಲಭ್ಯ ಬೇಕಾದರೆ ಸಾಂಬಾವನ್ನೇ ಡೊಮೇನ್ ಕಂಟ್ರೋಲರ್ ಮಾಡಬಹುದು. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4ರಿಂದ ಇದು ಸಾಧ್ಯ. ಚೆನ್ನಾಗಿದೆ, ಆದರೆ ಲಿನಕ್ಸ್ ಮತ್ತು ಆಕ್ಟಿವ್ ಡೈರೆಕ್ಟರಿ ಎರಡೂ ಗೊತ್ತಿರುವವರು ಬೇಕು. ಒಂದೇ ಗೊತ್ತಿದ್ದರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ.

ನೆಕ್ಸ್ಟ್‌ಕ್ಲೌಡ್ ಮತ್ತು ಬಾಡಿಗೆ ಕ್ಲೌಡ್

ತಂಡದವರು ಊರೂರಲ್ಲಿ ಇದ್ದರೆ ಮೇಲಿನ ಮೂರೂ ಸೊರಗುತ್ತವೆ. ವಿಪಿಎನ್ ಮೇಲೆ ದೊಡ್ಡ ಫೋಲ್ಡರ್ ತೆರೆಯುವುದು ನಿಧಾನ.

ನೆಕ್ಸ್ಟ್‌ಕ್ಲೌಡ್ ನಿಮ್ಮದೇ ಸರ್ವರ್‌ನಲ್ಲಿ ಓಡುತ್ತದೆ. ಬ್ರೌಸರ್, ಫೋನು, ಸಿಂಕ್ ಎಲ್ಲ ಇದೆ. ಇದರಲ್ಲಿ ಗ್ರೂಪ್ ಫೋಲ್ಡರ್ (ಈಗಿನ ಹೆಸರು ಟೀಮ್ ಫೋಲ್ಡರ್) ಅನ್ನುವ ಹೆಚ್ಚುವರಿ ಆ್ಯಪ್ ಹಾಕಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಫೋಲ್ಡರೂ ಯಾರೋ ಒಬ್ಬರ ಅಕೌಂಟಿನಲ್ಲಿ ಇದ್ದು ಅಲ್ಲಿಂದ ಹಂಚಿಕೆಯಾಗಿರುತ್ತದೆ. ಅವರು ಹೋದಾಗ ಫೋಲ್ಡರ್‌ನ ಗತಿ ಏನು ಅಂತ ಹುಡುಕಾಡಬೇಕು. ಇಬ್ಬರು ಒಂದೇ ಫೈಲನ್ನು ತಮ್ಮ ತಮ್ಮ ಕಂಪ್ಯೂಟರ್‌ನಲ್ಲಿ ತಿದ್ದಿದರೆ ಸಿಂಕ್ ಎರಡು ಪ್ರತಿ ಮಾಡಿಡುತ್ತದೆ. ಯಾವುದು ಸರಿ ಅಂತ ನೀವೇ ನೋಡಬೇಕು. ದೊಡ್ಡ ವಿಡಿಯೋ, ಡ್ರಾಯಿಂಗ್ ಫೈಲ್‌ಗಳ ಮೇಲೆ ದಿನವಿಡೀ ಕೆಲಸ ಮಾಡುವವರಿಗೆ ಇದು ಹಿಡಿಸುವುದಿಲ್ಲ.

ಗೂಗಲ್‌ನ ಶೇರ್ಡ್ ಡ್ರೈವ್, ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಇಂಥವುಗಳಲ್ಲಿ ಸರ್ವರ್ ಚಿಂತೆಯೇ ಇಲ್ಲ. ಫೈಲ್ ಸಂಸ್ಥೆಯ ಹೆಸರಲ್ಲಿ ಇರುತ್ತದೆ, ವ್ಯಕ್ತಿ ಹೋದರೂ ಫೈಲ್ ಹೋಗುವುದಿಲ್ಲ. ತಲೆಗೆ ಇಷ್ಟು ಅಂತ ಕೊಡುತ್ತಲೇ ಇರಬೇಕು. ಎಂಟು ಜನರಿಗೆ ಇದು ಹಗುರ. ಎಂಬತ್ತು ಜನ ಆದಾಗ ಮೂರು ವರ್ಷದ ಮೊತ್ತ ಕೂಡಿಸಿ ನೋಡಿ, ನ್ಯಾಸ್ ಜೊತೆ ಹೋಲಿಸಿ. ಇಲ್ಲಿನ ದೊಡ್ಡ ಸೋರಿಕೆ ಎಂದರೆ ‘ಲಿಂಕ್ ಇರುವ ಯಾರಾದರೂ’ ಅನ್ನುವ ಆಯ್ಕೆ. ಎಷ್ಟೇ ಅಚ್ಚುಕಟ್ಟಾಗಿ ಗ್ರೂಪ್ ಮಾಡಿದರೂ, ಯಾರೋ ಅವಸರದಲ್ಲಿ ಅಂಥ ಒಂದು ಲಿಂಕ್ ಕಳಿಸಿದರೆ ಆ ಫೈಲಿಗೆ ಗ್ರೂಪ್‌ನ ಕಾವಲು ಇರುವುದಿಲ್ಲ. ಅದನ್ನು ಆಡಳಿತದ ಪುಟದಲ್ಲೇ ಮುಚ್ಚಿಬಿಡಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಗುರುತಿಗೂ (ಮೂಲ ಅಕ್ಷರ, ಕಾಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ಅರ್ಧಾಕ್ಷರ ಚಿಹ್ನೆ ಎಲ್ಲ ಬೇರೆ ಬೇರೆ) 3 ಬೈಟ್ ಬೇಕು. ಒತ್ತಕ್ಷರ ಬಂದರೆ ಗುರುತುಗಳು ಜಾಸ್ತಿ: ‘ಸ್ತ್ರೀ’ ಅನ್ನುವ ಒಂದೇ ಅಕ್ಷರಕ್ಕೆ 18 ಬೈಟ್. ಹಾಗಾಗಿ ಸುಮಾರು 85 ಗುರುತಿಗೇ ಹೆಸರು ತುಂಬುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಣಿಸುವುದು ಬೈಟ್ ಅಲ್ಲ, ಗುರುತುಗಳನ್ನು. ಅಲ್ಲಿ ಅಂಥ 255 ಹಿಡಿಯುತ್ತವೆ. ವಿಂಡೋಸ್‌ನಲ್ಲಿ ಸರಾಗವಾಗಿದ್ದ ಉದ್ದ ಹೆಸರಿನ ಫೈಲ್, ಲಿನಕ್ಸ್ ಸರ್ವರ್‌ಗೆ ಕಾಪಿ ಆಗದೆ ನಿಲ್ಲುವುದು ಇದಕ್ಕೇ. ಕನ್ನಡ ಬಿಡಬೇಕಿಲ್ಲ, ಹೆಸರು ಚಿಕ್ಕದಾಗಿರಲಿ.

ದುಡ್ಡು ಕೊಡುವ ಮುಂಚೆ ಒಂದು ಸಂಜೆ

ಎರಡು ದಾರಿಗಳ ನಡುವೆ ಸಿಕ್ಕಿಕೊಂಡಿದ್ದರೆ ಎರಡನ್ನೂ ಪರೀಕ್ಷೆ ಮಾಡಿ. ಲಿನಕ್ಸ್, ಟ್ರೂನ್ಯಾಸ್, ನೆಕ್ಸ್ಟ್‌ಕ್ಲೌಡ್ ವರ್ಚುವಲ್ ಮಷೀನ್‌ನಲ್ಲಿ (ನಿಮ್ಮ ಕಂಪ್ಯೂಟರ್‌ನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಓಡುತ್ತವೆ. ವಿಂಡೋಸ್ ಸರ್ವರ್‌ಗೆ 180 ದಿನದ ಪ್ರಯೋಗದ ಆವೃತ್ತಿ ಇದೆ. ಕೀಬೋರ್ಡ್ ಮಾತ್ರ ನೀವು ಹಿಡಿಯಬೇಡಿ. ಮುಂದೆ ನೋಡಿಕೊಳ್ಳುವವರನ್ನು ಕೂರಿಸಿ.

ಅವರ ಕೈಲಿ ಇಷ್ಟು ಮಾಡಿಸಿ. ಒಬ್ಬ ಹೊಸ ಯೂಸರ್‌ನನ್ನು ‘ಲೆಕ್ಕ-ಬರೆ’ಗೆ ಸೇರಿಸಲಿ. ಆ ಯೂಸರ್ ಆಗಿ ಲಾಗಿನ್ ಆಗಿ ಒಂದು ಫೈಲ್ ಮಾಡಲಿ. ಎರಡನೇ ಯೂಸರ್ ಆಗಿ ಬಂದು ಅದೇ ಫೈಲನ್ನು ತಿದ್ದಿ ಸೇವ್ ಮಾಡಲಿ. ‘ಲೆಕ್ಕ-ಓದು’ ಯೂಸರ್ ಆಗಿ ಬಂದು ಅಳಿಸಲು ನೋಡಲಿ, ಅಳಿಸಲು ಬರಬಾರದು. ಆಮೇಲೆ ಮೊದಲನೆಯವರನ್ನು ವಿನ್ಯಾಸಕ್ಕೆ ಬದಲಿಸಲಿ, ಲೆಕ್ಕದ ಫೋಲ್ಡರ್ ಅವರಿಗೆ ಮುಚ್ಚಿತಾ ನೋಡಲಿ. ಕೊನೆಗೆ ಅವರ ಅಕೌಂಟ್ ನಿಲ್ಲಿಸಿ, ಅವರು ಮಾಡಿದ ಫೈಲನ್ನು ಅಳಿಸಿ, ಬ್ಯಾಕಪ್‌ನಿಂದ ವಾಪಸ್ ತರಲಿ. ಎಲ್ಲಿ ಅವರು ನಿಮ್ಮ ಮುಖ ನೋಡದೆ ಕೊನೆಯವರೆಗೂ ಹೋದರೋ, ಅದನ್ನೇ ತಗೊಳ್ಳಿ.